ಎಕ್ಸ್‌ರೇಗೆ ಕಾಣದ ಊತ

ಬೆಳಗ್ಗೆ ಎದ್ದಾಗ ಬೆರಳು ಮಡಚಲಾಗದಷ್ಟು ಬಿಗಿ. ನಲ್ಲಿ ತಿರುಗಿಸಲೂ ಆಗದು. ಹೊತ್ತೇರಿದಂತೆ ತುಸು ಸಡಿಲ. ವಾರಗಟ್ಟಲೆ ಹೀಗೆ ನರಳಿದವರು ಎಕ್ಸ್‌ರೇ ತೆಗೆಸುತ್ತಾರೆ, ‘ನಾರ್ಮಲ್’ ಎಂಬ ವರದಿ ಬರುತ್ತದೆ, ಮನೆಮಂದಿಗೆಲ್ಲ ನಿರಾಳ. ರುಮಟಾಯ್ಡ್ ಸಂಧಿವಾತದ ವಿಷಯದಲ್ಲಿ ನನಗೆ ಭಯ ಹುಟ್ಟಿಸುವುದು ಈ ನಿರಾಳವೇ.

ಕೀಲನ್ನು ಒಳಗಿನಿಂದ ಸುತ್ತುವರಿದ ತೆಳುಪೊರೆಯೊಂದಿದೆ. ದೇಹದ ರಕ್ಷಣಾ ವ್ಯವಸ್ಥೆ ಅದರ ಮೇಲೆಯೇ ತಿರುಗಿಬಿದ್ದಾಗ ಪೊರೆ ಊದಿ ದಪ್ಪವಾಗುತ್ತದೆ. ಕೀಲಿನ ಅಂಚಿನಲ್ಲಿ ಮೃದ್ವಸ್ಥಿಯ ಹೊದಿಕೆಯಿಲ್ಲದ ಕಡೆಯಿಂದ ಮೂಳೆಯನ್ನು ಕೊರೆಯತೊಡಗುತ್ತದೆ. ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುವುದು ಮೂಳೆ. ಪೊರೆಯ ಊತವನ್ನು ಅದು ಸರಿಯಾಗಿ ತೋರಿಸಲಾರದು. ಹಾಗಾಗಿ ರೋಗದ ಮೊದಲ ತಿಂಗಳುಗಳಲ್ಲಿ ಚಿತ್ರ ಚೊಕ್ಕಟವಾಗಿಯೇ ಇರಬಹುದು.

ಆದರೂ ಎಕ್ಸ್‌ರೇಯನ್ನು ಕೈಬಿಡುವಂತಿಲ್ಲ. 1895ರಲ್ಲಿ ಜರ್ಮನ್ ವಿಜ್ಞಾನಿ ರಾಂಟ್ಜೆನ್ ತಮ್ಮ ಪತ್ನಿಯ ಕೈಯ ಚಿತ್ರ ತೆಗೆದ ಆ ತಂತ್ರ ಇಂದಿಗೂ ಅಗ್ಗ, ಸಣ್ಣ ಊರಲ್ಲೂ ಸಿಗುತ್ತದೆ. ವರ್ಷದಿಂದ ವರ್ಷಕ್ಕೆ ಹಾನಿ ಎಷ್ಟು ಹೆಚ್ಚಿತೆಂದು ಹೋಲಿಸಲು ಅದೇ ಬೇಕು. ಔಷಧ ಸಂಶೋಧಕರು ಕೈ, ಪಾದಗಳ ಕೀಲುಗಳಲ್ಲಿ ಮೂಳೆಯ ಸವೆತ ಮತ್ತು ಕಿರಿದಾದ ಅಂತರವನ್ನು ಅಳೆದು 0ಯಿಂದ 448ರವರೆಗೆ ಅಂಕ ಹಾಕುತ್ತಾರೆ.

ಪೊರೆಯನ್ನೇ ನೋಡಬೇಕೆಂದರೆ ಅಲ್ಟ್ರಾಸೌಂಡ್. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗೇ ಇದು, ಶಬ್ದದ ಆವರ್ತನ ಮಾತ್ರ ಹೆಚ್ಚು. ಆವರ್ತನ ಹೆಚ್ಚಿದಷ್ಟೂ ಚಿತ್ರ ನವಿರು, ಆದರೆ ಆಳಕ್ಕೆ ಇಳಿಯದು. ಬೆರಳ ಕೀಲು ಚರ್ಮದ ಕೆಳಗೇ ಇರುವುದರಿಂದ ಆಳದ ಗೊಡವೆಯಿಲ್ಲ. ಅದರಲ್ಲೇ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ‘ಪವರ್ ಡಾಪ್ಲರ್’ ಹಾಕಿದರೆ ಊದಿದ ಪೊರೆಯಲ್ಲಿ ಹರಿಯುವ ರಕ್ತ ಕೆಂಪು, ಕಿತ್ತಳೆ ಚುಕ್ಕೆಗಳಾಗಿ ಮಿನುಗುತ್ತದೆ. ಉರಿಯೂತ ಈ ಕ್ಷಣದಲ್ಲೇ ನಡೆಯುತ್ತಿದೆ ಎಂದು ರೋಗಿಯೂ ಕಣ್ಣಾರೆ ಕಾಣಬಹುದು. ಆದರೆ ಇಲ್ಲಿ ನೋಡುವವರ ಕೈಪಳಗು ಬಹಳ ಮುಖ್ಯ. ಉಪಕರಣವನ್ನು ತುಸು ಒತ್ತಿ ಹಿಡಿದರೂ ಸೂಕ್ಷ್ಮ ರಕ್ತನಾಳಗಳು ಅಮುಕಿಹೋಗಿ ಬಣ್ಣವೇ ಮಾಯವಾಗುತ್ತದೆ! ಅದಕ್ಕೇ ಬಲ್ಲವರು ಜೆಲ್ಲನ್ನು ಧಾರಾಳವಾಗಿ ಹಚ್ಚಿ, ತೇಲಿಸಿದಂತೆ ಹಿಡಿಯುತ್ತಾರೆ.

ಮೂಳೆಯೊಳಗಿನ ಮಜ್ಜೆಯ ಊತವನ್ನು ಚೆನ್ನಾಗಿ ತೋರಿಸುವುದು ಎಂಆರ್‌ಐ. ಮಜ್ಜೆ ಊದಿದ ಜಾಗದಲ್ಲಿ ಮುಂದೆ ಮೂಳೆ ಸವೆಯುವ ಸಂಭವ ಹೆಚ್ಚು. ಖರ್ಚು ಮಾತ್ರ ದೊಡ್ಡದು.

ಇಷ್ಟೆಲ್ಲ ಇರುವಾಗ ಪ್ರತಿ ಭೇಟಿಯಲ್ಲೂ ಸ್ಕ್ಯಾನ್ ಮಾಡಿಸಬೇಕೇ? ಬೇಡವೆಂದೇ ನನ್ನ ಅನಿಸಿಕೆ. ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ‘ಆರ್ಕ್ಟಿಕ್’ ಅಧ್ಯಯನದಲ್ಲಿ ಒಂದು ಗುಂಪಿಗೆ ಅಲ್ಟ್ರಾಸೌಂಡ್ ಕೂಡ ನೋಡಿ, ಇನ್ನೊಂದಕ್ಕೆ ಕೀಲು ಮುಟ್ಟಿ ಪರೀಕ್ಷಿಸಿ ಔಷಧ ಹೊಂದಿಸಿದರು. ಎರಡು ವರ್ಷದ ನಂತರ ಮುಖ್ಯ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಟ್ಟಿ ನೋಡುವ ವೈದ್ಯರ ಬೆರಳಿಗೆ ಅನುಮಾನ ಬಂದಲ್ಲಿ ಸ್ಕ್ಯಾನ್ ನೆರವಾಗಲಿ, ಸಾಕು.

ಎಕ್ಸ್‌ರೇ ಬರೆದುಕೊಟ್ಟಾಗ ಒಂದು ಮಾತು ಕೇಳಿ: ಪಾದದ್ದೂ ಇದೆಯೇ? ಕೈನೋವೆಂದು ಹೋದವರಲ್ಲೂ ಸವೆತದ ಮೊದಲ ಗುರುತು ಎಷ್ಟೋ ಸಲ ಕಾಲಿನ ಕಿರುಬೆರಳ ಬುಡದಲ್ಲಿ ಸಿಗುತ್ತದೆ.