ಗ್ಯಾಡ್ ಪಾಸಿಟಿವ್ ಬಂದರೆ ಎಷ್ಟು ನಂಬಬೇಕು?

ವಯಸ್ಕರಲ್ಲಿ ಹೊಸದಾಗಿ ಕಂಡ ಮಧುಮೇಹ ಟೈಪ್ 1 ಇರಬಹುದೇ ಎಂಬ ಅನುಮಾನ ಬಂದಾಗ ಮೊದಲು ಮಾಡಿಸಬೇಕಾದದ್ದು ಗ್ಯಾಡ್ ಎಂಬ ಕಿಣ್ವದ ವಿರುದ್ಧದ ಆಂಟಿಬಾಡಿ (ಪ್ರತಿಕಾಯ) ಪರೀಕ್ಷೆ. ಅದು ನೆಗೆಟಿವ್ ಆದರೆ ಐಎ-2, ಝಿಂಕ್ ಟ್ರಾನ್ಸ್‌ಪೋರ್ಟರ್ 8 ಎಂಬ ಪ್ರೋಟೀನ್‌ಗಳ ವಿರುದ್ಧದ ಆಂಟಿಬಾಡಿ ಪರೀಕ್ಷೆ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಮೇಲೆ ದೇಹವೇ ದಾಳಿ ನಡೆಸಿದೆ ಎಂಬುದಕ್ಕೆ ಇವು ರಕ್ತದಲ್ಲಿ ಸಿಗುವ ಸಾಕ್ಷಿ. ಹಾಗೆಂದು ವರದಿಯಲ್ಲಿ 'ಪಾಸಿಟಿವ್' ಎಂದು ಅಚ್ಚಾದ ಮಾತ್ರಕ್ಕೆ ಟೈಪ್ 1 ಖಚಿತವಾಗುವುದಿಲ್ಲ.

ಪಾಸಿಟಿವ್, ನೆಗೆಟಿವ್ ಎಂದು ವಿಂಗಡಿಸುವ ಗಡಿ ಅಂಕಿಯನ್ನು ನಿಗದಿ ಮಾಡುವುದು ಮನುಷ್ಯರೇ. ಆರೋಗ್ಯವಂತರ ರಕ್ತ ಪರೀಕ್ಷಿಸಿ, ಅವರಲ್ಲಿ ಶೇ. 99ರಷ್ಟು ಮಂದಿ ಯಾವ ಅಂಕಿಯ ಕೆಳಗಿದ್ದಾರೋ ಅದನ್ನು ಗಡಿಯಾಗಿ ಇಡುವುದು ರೂಢಿ. ಉಳಿದ ಶೇ. 1ರಷ್ಟು ಮಂದಿ ಕಾಯಿಲೆಯಿಲ್ಲದೆಯೂ ಪಾಸಿಟಿವ್ ಆಗುತ್ತಾರೆ.

ಇದರ ಪರಿಣಾಮವನ್ನು ಒಂದು ಲೆಕ್ಕ ಹಾಕಿ ನೋಡೋಣ. 1,000 ಮಧುಮೇಹಿಗಳಲ್ಲಿ 20 ಮಂದಿಗೆ ಮಾತ್ರ ನಿಜವಾಗಿ ಟೈಪ್ 1 ಇದೆ, ಅಂಥವರಲ್ಲಿ ನಾಲ್ವರಲ್ಲಿ ಮೂವರನ್ನು ಪರೀಕ್ಷೆ ಹಿಡಿಯುತ್ತದೆ ಎಂದುಕೊಳ್ಳಿ. ನಿಜವಾದ ಪಾಸಿಟಿವ್ 15. ಉಳಿದ 980 ಮಂದಿಯಲ್ಲಿ ಶೇ. 1 ಎಂದರೆ ಸುಮಾರು 10 ಸುಳ್ಳು ಪಾಸಿಟಿವ್. ಐದು ಪಾಸಿಟಿವ್ ವರದಿಗಳಲ್ಲಿ ಎರಡು ತಪ್ಪು! ಅದೇ ಪರೀಕ್ಷೆಯನ್ನು, ಅರ್ಧದಷ್ಟು ಮಂದಿಗೆ ಟೈಪ್ 1 ಇರುವ 1,000 ಜನರ ಗುಂಪಿಗೆ ಮಾಡಿದರೆ 375 ನಿಜ, 5 ಸುಳ್ಳು. ಯಂತ್ರ ಅದೇ, ಕಿಟ್ ಅದೇ, ಬದಲಾದದ್ದು ಯಾರನ್ನು ಪರೀಕ್ಷಿಸಿದೆವು ಎಂಬುದಷ್ಟೇ. ಆದ್ದರಿಂದ ಬೇಗ ತೂಕ ಇಳಿದವರು, ಕೀಟೋಅಸಿಡೋಸಿಸ್ (ಇನ್ಸುಲಿನ್ ಕೊರತೆಯಿಂದ ರಕ್ತ ಆಮ್ಲೀಯವಾಗುವ ಅಪಾಯಕರ ಸ್ಥಿತಿ) ಆದವರು, ಚಿಕ್ಕ ವಯಸ್ಸಿನವರು, ಮಾತ್ರೆಗೆ ಸಕ್ಕರೆ ಬಗ್ಗದವರಲ್ಲಿ ಈ ಪರೀಕ್ಷೆಗೆ ಬೆಲೆಯಿದೆ. ಮಧುಮೇಹವಿರುವ ಎಲ್ಲರಿಗೂ ಕಣ್ಣುಮುಚ್ಚಿ ಬರೆದುಕೊಡುವುದು ಗೊಂದಲವನ್ನು ಕೈಯಾರೆ ತಂದುಕೊಂಡಂತೆ.

ಅಂಕಿಯ ಗಾತ್ರವನ್ನೂ ನೋಡಬೇಕು. ಗಡಿಯನ್ನು ಸ್ವಲ್ಪವೇ ದಾಟಿದ ಒಂದೇ ಆಂಟಿಬಾಡಿ ದುರ್ಬಲ ಸಾಕ್ಷಿ. ಎರಡು ಬೇರೆ ಬೇರೆ ಆಂಟಿಬಾಡಿಗಳು ಪಾಸಿಟಿವ್ ಆದರೆ ಸಂಶಯಕ್ಕೆ ಎಡೆ ತೀರಾ ಕಡಿಮೆ. ಬೇರೆ ಬೇರೆ ಪ್ರಯೋಗಾಲಯಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ, ವಿಧಾನವೂ ಗಡಿಯೂ ಬೇರೆ ಇರುತ್ತವೆ.

ಮಾದರಿಯಲ್ಲೇ ಎಡವಟ್ಟಾಗುವುದೂ ಉಂಟು. ಕೂದಲಿಗೆಂದು ಹೆಚ್ಚು ಪ್ರಮಾಣದ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ, ಬಯೋಟಿನ್ ಬಳಸುವ ಎಲೈಸಾ (ಆಂಟಿಬಾಡಿ ಅಳೆಯುವ ಒಂದು ವಿಧಾನ) ಕಿಟ್‌ಗಳಲ್ಲಿ ಫಲಿತಾಂಶ ಏರುಪೇರಾಗಬಹುದು. ರಕ್ತ ಕೊಡುವ ಮುನ್ನವೇ ಹೇಳಿ. ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತಯಾರಿಸಿದ ಔಷಧ) ಪಡೆದವರಿಗೆ ದಾನಿಗಳ ಆಂಟಿಬಾಡಿ ಬಂದು ಸೇರಿರಬಹುದು. ಇನ್ಸುಲಿನ್ ಆಂಟಿಬಾಡಿ ಪರೀಕ್ಷೆಯಂತೂ ಚುಚ್ಚುಮದ್ದು ಶುರುವಾಗಿ ಒಂದೆರಡು ವಾರ ಕಳೆದರೆ ವ್ಯರ್ಥ, ಏಕೆಂದರೆ ಹೊರಗಿನಿಂದ ಕೊಟ್ಟ ಇನ್ಸುಲಿನ್‌ಗೂ ದೇಹ ಆಂಟಿಬಾಡಿ ಕಟ್ಟುತ್ತದೆ.

ನೆಗೆಟಿವ್ ಬಂದರೂ ಟೈಪ್ 1 ಇಲ್ಲವೆಂದಲ್ಲ. ಟೈಪ್ 1 ಇರುವವರಲ್ಲಿ ಶೇ. 5ರಿಂದ 10ರಷ್ಟು ಮಂದಿಗೆ ಆರಂಭದಲ್ಲೇ ಯಾವ ಆಂಟಿಬಾಡಿಯೂ ಸಿಗುವುದಿಲ್ಲ, ಇದ್ದವರಲ್ಲೂ ವರ್ಷಗಳು ಕಳೆದಂತೆ ಮಾಯವಾಗಬಹುದು. ಬರೀ ನೆಗೆಟಿವ್ ವರದಿ ನೋಡಿ ಇನ್ಸುಲಿನ್ ನಿಲ್ಲಿಸುವುದು ಅಪಾಯ. ಕಾಯಿಲೆ ಬಂದು ಮೂರು ವರ್ಷ ದಾಟಿದ, ಇನ್ಸುಲಿನ್ ಪಡೆಯುತ್ತಿರುವವರಲ್ಲಿ ಊಟದ ನಂತರ ಐದು ಗಂಟೆಯೊಳಗೆ ಸಿ-ಪೆಪ್ಟೈಡ್ (ದೇಹ ತಾನೇ ಇನ್ಸುಲಿನ್ ತಯಾರಿಸುವಾಗ ಹೊರಬರುವ ತುಣುಕು) ಅಳೆಯಬೇಕು, ಜೊತೆಗೆ ಗ್ಲೂಕೋಸ್ ಕೂಡ. ಸಿ-ಪೆಪ್ಟೈಡ್ ಲೀಟರಿಗೆ 200 ಪಿಕೊಮೋಲ್‌ಗಿಂತ ಕಡಿಮೆಯಾದರೆ ಟೈಪ್ 1 ಕಡೆಗೆ, 600 ಮೀರಿದರೆ ಟೈಪ್ 2 ಕಡೆಗೆ ವಾಲುತ್ತದೆ. ಗ್ಲೂಕೋಸ್ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿದ್ದಾಗ ತೆಗೆದ ಮಾದರಿಯಲ್ಲಿ ಸಿ-ಪೆಪ್ಟೈಡ್ ಕಡಿಮೆ ಬಂದಿದ್ದರೆ ಅದನ್ನು ಪಕ್ಕಕ್ಕಿಟ್ಟು ಮತ್ತೊಮ್ಮೆ ಮಾಡಿಸಿ.