ರಿವರ್ ಪ್ಲೇಟ್ 4ನೇ ಸ್ಥಾನದಲ್ಲಿದ್ದೂ ಕೆಳಗಿಳಿದಿದ್ದು ಹೇಗೆ?

ಓದುಗರ ಪ್ರಶ್ನೆ: ಅರ್ಜೆಂಟೀನಾ ಫುಟ್‌ಬಾಲ್ ಲೀಗ್‌ನ 2010–11ರ ಸೀಸನ್ ನೋಡಿದೆ. 20 ತಂಡಗಳಲ್ಲಿ ರಿವರ್ ಪ್ಲೇಟ್ ಮೊದಲರ್ಧದಲ್ಲಿ 4ನೇ ಸ್ಥಾನ, ಎರಡನೇ ಅರ್ಧದಲ್ಲಿ 9ನೇ ಸ್ಥಾನ. ಆದರೂ ಆ ವರ್ಷ ಎರಡನೇ ಡಿವಿಷನ್‌ಗೆ ಇಳಿದಿದೆ. ಇದೇನು ಲೆಕ್ಕ?

ಉತ್ತರ: ನೀವು ನೋಡಿದ ಪಟ್ಟಿ ಸರಿಯಾಗೇ ಇದೆ. ಆದರೆ ಯಾರು ಇಳಿಯಬೇಕು ಅನ್ನೋದನ್ನು ಆ ಪಟ್ಟಿ ಹೇಳುತ್ತಿರಲಿಲ್ಲ. ಅದಕ್ಕೆ ಬೇರೆಯೇ ಒಂದು ಪಟ್ಟಿ ಇತ್ತು. ಅಲ್ಲಿನವರು ಅದನ್ನು 'ಪ್ರೊಮೇದಿಯೊ' ಅನ್ನುತ್ತಾರೆ, ಅಂದ್ರೆ ಸರಾಸರಿ. ಕಳೆದ ಮೂರು ಸೀಸನ್‌ಗಳಲ್ಲಿ ಗಳಿಸಿದ ಅಂಕಗಳನ್ನೆಲ್ಲ ಕೂಡಿಸಿ, ಆಡಿದ ಪಂದ್ಯಗಳಿಂದ ಭಾಗಿಸುತ್ತಾರೆ. ಆಗ ಕೊನೆಯ ಎರಡು ತಂಡಗಳು ನೇರವಾಗಿ ಕೆಳಗಿಳಿಯುತ್ತಿದ್ದವು. ಅವುಗಳ ಮೇಲಿನ ಎರಡು ತಂಡಗಳು ಕೆಳಗಿನ ಡಿವಿಷನ್‌ನ ತಂಡಗಳ ಜೊತೆ ಎರಡೆರಡು ಪಂದ್ಯ ಆಡಿ ಜಾಗ ಉಳಿಸಿಕೊಳ್ಳಬೇಕಿತ್ತು.

ಈಗ ರಿವರ್ ಲೆಕ್ಕ ನೋಡಿ. 2008–09ರಲ್ಲಿ 41 ಅಂಕ. 2009–10ರಲ್ಲಿ 43. 2010–11ರಲ್ಲಿ 57. ಒಟ್ಟು 141, ಪಂದ್ಯಗಳು 114. ಸರಾಸರಿ 1.237. ಇದು ಅವರನ್ನು 17ನೇ ಸ್ಥಾನಕ್ಕೆ, ಅಂದ್ರೆ ಆ ಎರಡು ಪಂದ್ಯಗಳ ಪರೀಕ್ಷೆಗೆ ತಳ್ಳಿತು.

ಬರೀ ಆ ವರ್ಷದ್ದೇ ಲೆಕ್ಕ ಹಿಡಿದಿದ್ದರೆ 38 ಪಂದ್ಯಕ್ಕೆ 57 ಅಂಕ, ಸರಾಸರಿ 1.5. ಯಾವ ಭಯವೂ ಇರುತ್ತಿರಲಿಲ್ಲ. ಹಾಗಾಗಿ ರಿವರ್ ಮುಳುಗಿದ್ದು 2011ರಲ್ಲಿ ಅಂತ ನನಗೆ ಅನಿಸೋದೇ ಇಲ್ಲ, ಅದು ಮುಳುಗಿದ್ದು 2008ರಲ್ಲಿ. ಆ ವರ್ಷ ಜೂನ್‌ನಲ್ಲಿ ಡಿಯೆಗೊ ಸಿಮಿಯೋನೆ ಕೋಚ್ ಆಗಿದ್ದಾಗ ರಿವರ್ ಚಾಂಪಿಯನ್ ಆಗಿತ್ತು, ಮುಂದಿನ ಅರ್ಧ ಸೀಸನ್ ಮುಗಿಯುವಾಗ ಅದೇ ತಂಡ 20ನೇ ಸ್ಥಾನದಲ್ಲಿತ್ತು! ಚಾಂಪಿಯನ್ ಆದ ಆ ಅಂಕಗಳು 2007–08ರ ಖಾತೆಗೆ ಸೇರಿದ್ದವು. ಮೂರು ವರ್ಷ ದಾಟಿದ್ದರಿಂದ 2010ರಲ್ಲಿ ಅವು ಲೆಕ್ಕದಿಂದಲೇ ಬಿದ್ದುಹೋದವು. ಉಳಿದಿದ್ದು ಕೆಟ್ಟ ಎರಡು ವರ್ಷಗಳು, 76 ಪಂದ್ಯಕ್ಕೆ ಬರೀ 84 ಅಂಕ. ಹಳೇ ಸಾಲ ತಲೆ ಮೇಲಿದ್ದಾಗ ಈ ತಿಂಗಳ ಸಂಬಳ ಎಷ್ಟು ಬಂದರೇನು, ಅಲ್ವಾ?

ಆಮೇಲಿನದ್ದು ನೋಡೋಕೇ ಸಂಕಟ. ಆ ಪರೀಕ್ಷೆಯಲ್ಲಿ ಎದುರಾಳಿ ಎರಡನೇ ಡಿವಿಷನ್‌ನ ತಂಡ, ಕೊರ್ಡೊಬಾ ನಗರದ ಬೆಲ್ಗ್ರಾನೊ. ಜೂನ್ 22ರಂದು ಅವರ ಊರಲ್ಲಿ ರಿವರ್ 2–0 ಸೋತಿತು, ಮಧ್ಯದಲ್ಲಿ ರಿವರ್ ಅಭಿಮಾನಿಗಳೇ ಮೈದಾನಕ್ಕೆ ನುಗ್ಗಿ ತಮ್ಮ ಆಟಗಾರರ ಮೇಲೆ ರೇಗಾಡಿದರು. ಎರಡನೇ ಪಂದ್ಯ ಜೂನ್ 26, ಬ್ಯೂನಸ್ ಐರಿಸ್‌ನ ಮೊನುಮೆಂಟಲ್ ಸ್ಟೇಡಿಯಂ. ಒಟ್ಟು ಗೋಲು ಸಮವಾದರೆ ಮೇಲಿನ ಡಿವಿಷನ್‌ನ ತಂಡಕ್ಕೇ ಜಾಗ ಅನ್ನೋ ನಿಯಮ ಇತ್ತು, ಅಂದ್ರೆ ರಿವರ್‌ಗೆ 2–0 ಗೆಲುವು ಸಾಕಿತ್ತು. ಆಟ ಶುರುವಾಗಿ ಕೆಲವೇ ನಿಮಿಷಕ್ಕೆ ಮರಿಯಾನೊ ಪಾವೊನೆ ಗೋಲು ಹೊಡೆದ. ಇನ್ನೊಂದೇ ಒಂದು ಬೇಕು. ಎರಡನೇ ಅರ್ಧದಲ್ಲಿ ರಿವರ್‌ನ ಇಬ್ಬರು ಡಿಫೆಂಡರ್‌ಗಳು ಗೋಲಿನ ಎದುರಿಗೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು. ಚೆಂಡು ಸೀದಾ ಬೆಲ್ಗ್ರಾನೊದ ಗಿಲ್ಲೆರ್ಮೊ ಫಾರ್ರೆ ಕಾಲಿಗೆ ಹೋಯಿತು. 1–1. ಸ್ವಲ್ಪ ಹೊತ್ತಿಗೆ ರಿವರ್‌ಗೆ ಪೆನಾಲ್ಟಿ ಸಿಕ್ಕಿತು. ಪಾವೊನೆ ಹೊಡೆದ, ಗೋಲ್‌ಕೀಪರ್ ಒಲಾವೆ ತಡೆದ. ಆ ಕ್ಷಣದ ವಿಡಿಯೋ ಎಷ್ಟು ಸಲ ನೋಡಿದರೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಗಲಾಟೆ ಜಾಸ್ತಿಯಾಗಿ ಪಂದ್ಯ ಪೂರ್ತಿ ಮುಗಿಯಲೂ ಇಲ್ಲ, 90ನೇ ನಿಮಿಷದ ಹೊತ್ತಿಗೆ ರೆಫರಿ ನಿಲ್ಲಿಸಿಬಿಟ್ಟರು. 1901ರಲ್ಲಿ ಹುಟ್ಟಿದ ಕ್ಲಬ್ ಮೊದಲ ಸಲ ಕೆಳಗಿಳಿಯಿತು. ಆಗ ಕ್ಲಬ್ ಅಧ್ಯಕ್ಷರಾಗಿದ್ದವರು 1978ರ ವಿಶ್ವಕಪ್ ಎತ್ತಿದ ನಾಯಕ ಡೇನಿಯಲ್ ಪಸರೆಲ್ಲಾ.

"ಹಾಗಾದ್ರೆ ಈ ನಿಯಮ ಅನ್ಯಾಯ ತಾನೇ?" ಅಂತ ನಿಮ್ಮ ಮುಂದಿನ ಪ್ರಶ್ನೆ ಇರಬಹುದು. ನನ್ನ ಮಟ್ಟಿಗೆ ಹೌದು. ಆದರೆ ರಿವರ್‌ಗೆ ಮಾತ್ರ ಅನ್ಯಾಯ ಅಂತ ಹೇಳೋಕೆ ಮನಸ್ಸು ಬರಲ್ಲ. 1983ರಲ್ಲಿ ಇದೇ ಸರಾಸರಿ ಪದ್ಧತಿ ಮತ್ತೆ ಜಾರಿಗೆ ಬಂದಾಗ ರಿವರ್ 19 ತಂಡಗಳಲ್ಲಿ 18ನೇ ಸ್ಥಾನದಲ್ಲಿತ್ತು. ಸಾಮಾನ್ಯ ಪಟ್ಟಿ ಪ್ರಕಾರ ಅವತ್ತೇ ಇಳಿಯಬೇಕಿತ್ತು. ಸರಾಸರಿ ಅವರನ್ನು ಉಳಿಸಿತು, ರೇಸಿಂಗ್ ಕ್ಲಬ್ ಇಳಿಯಿತು. ಒಂದು ವರ್ಷ ಎಡವಿದ ದೊಡ್ಡ ಕ್ಲಬ್‌ಗೆ ಇದು ಆಸರೆ. ಹೊಸದಾಗಿ ಮೇಲೆ ಬಂದ ಸಣ್ಣ ತಂಡಕ್ಕೆ ಹಳೇ ಅಂಕಗಳ ಗಂಟು ಇರುವುದಿಲ್ಲ, ಆಡಿದ ಅಷ್ಟೇ ಪಂದ್ಯಗಳ ಮೇಲೆ ಅದರ ಹಣೆಬರಹ ನಿಂತಿರುತ್ತದೆ, ಆ ಒಂದು ವರ್ಷ ಕೆಟ್ಟರೆ ಮುಗಿಯಿತು.

ರಿವರ್ 2012ರಲ್ಲೇ ಎರಡನೇ ಡಿವಿಷನ್ ಗೆದ್ದು ವಾಪಸ್ ಬಂತು. ಆ ಎರಡು ಪಂದ್ಯಗಳ ಪರೀಕ್ಷೆಯನ್ನು ಆಮೇಲೆ ಕೈಬಿಟ್ಟರು, ಸರಾಸರಿ ಪಟ್ಟಿ ಮಾತ್ರ ಇತ್ತೀಚಿನ ಸೀಸನ್‌ಗಳವರೆಗೂ ಉಳಿದುಕೊಂಡಿದೆ. ಅರ್ಜೆಂಟೀನಾ ಲೀಗ್ ನೋಡುವಾಗ ಮೊದಲನೇ ಪಟ್ಟಿ ನೋಡಿ ಸುಮ್ನೆ ಮುಂದೆ ಹೋಗಬೇಡಿ, ಆ ಎರಡನೇ ಪಟ್ಟಿಯನ್ನೂ ಒಮ್ಮೆ ತೆರೆದು ನೋಡಿ.