ಕುತ್ತಿಗೆಯ ಹುಟ್ಟು ಸಿಸ್ಟ್: ಸೂಜಿಯಲ್ಲಿ ನೀರು ತೆಗೆಸಿದರೆ ಸಾಲದಾ?

"ಮಗನಿಗೆ ಕುತ್ತಿಗೆ ಮಧ್ಯದಲ್ಲಿ ಗಂಟಿದೆ. ಹುಟ್ಟಿನಿಂದ ಬಂದ ಸಿಸ್ಟ್ ಅಂತಾರೆ. ಆಪರೇಷನ್ ಯಾಕೆ, ಸೂಜಿ ಹಾಕಿ ನೀರು ತೆಗೆಸಿದರೆ ಸಾಲದಾ?"

ಇದಕ್ಕೆ ಉತ್ತರ ಬರೆದು ಬರೆದು ಸಾಕಾಗಿದೆ. ಆದರೂ ಮತ್ತೆ ಹೇಳುತ್ತೇನೆ. ಸಾಲದು.

ಈ ನಂಬಿಕೆ ಎಲ್ಲಿಂದ ಬರುತ್ತದೆ ಅಂತ ಗೊತ್ತು. ಎಫ್‌ಎನ್‌ಎಸಿ ಪರೀಕ್ಷೆಗೆ (ಸಣ್ಣ ಸೂಜಿಯಲ್ಲಿ ಗಂಟಿನ ಜೀವಕೋಶ ತೆಗೆದು ನೋಡುವುದು) ನೀರು ಎಳೆದಾಗ ಗಂಟು ಚಪ್ಪಟೆಯಾಗುತ್ತದೆ. ಮನೆಯವರು ವಾಸಿಯಾಯಿತು ಅಂದುಕೊಳ್ಳುತ್ತಾರೆ. ಆದರೆ ಆ ನೀರನ್ನು ಒಸರುವುದು ಸಿಸ್ಟ್‌ನ ಒಳಪದರ. ಒರತೆಯಿರುವ ಬಾವಿಯಿಂದ ಎಷ್ಟು ಮೊಗೆದರೂ ಮತ್ತೆ ತುಂಬುತ್ತದೆ, ಅಲ್ವಾ? ಒಳಪದರ ಇರುವವರೆಗೂ ಗಂಟು ಮತ್ತೆ ಬರುತ್ತದೆ. ಪದೇ ಪದೇ ಚುಚ್ಚಿಸಿದರೆ ಸೋಂಕು ತಗುಲಿ ಕೀವಾಗುವ ಅಪಾಯ ಬೇರೆ.

ಕುತ್ತಿಗೆ ಮಧ್ಯದ ಗಂಟಿನಲ್ಲಿ ಇನ್ನೂ ಒಂದು ತೊಡಕಿದೆ. ಗರ್ಭದಲ್ಲಿ ಥೈರಾಯ್ಡ್ ಗ್ರಂಥಿ ಶುರುವಾಗುವುದು ನಾಲಿಗೆಯ ಬುಡದಲ್ಲಿ. ಅದು ಕೆಳಗಿಳಿದ ದಾರಿ ಆಮೇಲೆ ಮುಚ್ಚಿಹೋಗಬೇಕು. ಮುಚ್ಚದೆ ಉಳಿದರೆ ಥೈರೋಗ್ಲಾಸಲ್ ಸಿಸ್ಟ್ ಆಗಬಹುದು. ನಾಲಿಗೆ ಚಾಚಿದಾಗ ಗಂಟು ಮೇಲೇರುವುದು ಅದಕ್ಕೇ. ಈ ದಾರಿ ನಾಲಿಗೆ ಬುಡದ ಕೆಳಗಿರುವ ಹಯಾಯ್ಡ್ ಅನ್ನುವ ಸಣ್ಣ ಮೂಳೆಗೆ ಅಂಟಿಕೊಂಡಿರುತ್ತದೆ. ಬರೀ ಗಂಟನ್ನು ಕತ್ತರಿಸಿ ತೆಗೆದರೂ ಸುಮಾರು ಅರ್ಧದಷ್ಟು ಜನರಲ್ಲಿ ಮರುಕಳಿಸುತ್ತದೆ. ಮೂಳೆಯ ನಡುಭಾಗವನ್ನೂ ನಾಲಿಗೆ ಬುಡದವರೆಗಿನ ದಾರಿಯನ್ನೂ ಜೊತೆಗೇ ತೆಗೆಯುವ ವಿಧಾನವನ್ನು ಅಮೆರಿಕದ ಮೇಯೋ ಕ್ಲಿನಿಕ್‌ನ ವಾಲ್ಟರ್ ಸಿಸ್ಟ್ರಂಕ್ 1920ರಲ್ಲಿ ವಿವರಿಸಿದರು. ಇದರಲ್ಲಿ ಮರುಕಳಿಸುವುದು ಸಾಮಾನ್ಯವಾಗಿ 100ಕ್ಕೆ 10ಕ್ಕಿಂತ ಕಡಿಮೆ. ಗಂಟನ್ನೇ ತೆಗೆದರೂ ಸಾಲದ ಕಡೆ ಸುಮ್ನೆ ನೀರು ತೆಗೆದು ಏನು ಬಂತು?

ಹಾಗಂತ ಸೂಜಿ ಚಿಕಿತ್ಸೆಯೇ ಇಲ್ಲ ಅಂತಲ್ಲ. ಸ್ಕ್ಲೀರೋಥೆರಪಿ ಇದೆ. ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಇಳಿಸಿ, ನೀರೆಳೆದು, ಆಲ್ಕೋಹಾಲನ್ನೋ ಬೇರೆ ಔಷಧಿಯನ್ನೋ ಒಳಗೆ ಬಿಡುತ್ತಾರೆ. ಅದು ಒಳಪದರವನ್ನೇ ಸುಟ್ಟು ಗೋಡೆಗಳನ್ನು ಅಂಟಿಸುತ್ತದೆ. ಕುತ್ತಿಗೆಯ ಮೇಲೆ ಕಲೆ ಉಳಿಯುವುದಿಲ್ಲ. ಒಂದಕ್ಕಿಂತ ಹೆಚ್ಚು ಸಲ ಬೇಕಾಗಬಹುದು. ಥೈರೋಗ್ಲಾಸಲ್ ಸಿಸ್ಟ್‌ಗೆ ಇದನ್ನು ಜಾಸ್ತಿ ಬಳಸುವುದು ಆಪರೇಷನ್ ಆಗದವರಿಗೆ, ಬೇಡವೆನ್ನುವ ದೊಡ್ಡವರಿಗೆ. ಮಕ್ಕಳ ಸಿಸ್ಟಿಕ್ ಹೈಗ್ರೋಮಾದ (ದುಗ್ಧನಾಳಗಳು ಸರಿಯಾಗಿ ಬೆಳೆಯದೆ ಆಗುವ ನೀರುಗಂಟು) ಕಥೆ ಬೇರೆ. ಅದು ನರ, ರಕ್ತನಾಳಗಳನ್ನು ಸುತ್ತಿಕೊಂಡಿರುವುದರಿಂದ ಎಷ್ಟೋ ಸಲ ಇಂಜೆಕ್ಷನ್ನೇ ಮೊದಲ ಆಯ್ಕೆ. ಗಂಟಿನೊಳಗೆ ನೀರು ತುಂಬಿದ ದೊಡ್ಡ ದೊಡ್ಡ ಕೋಣೆಗಳಿದ್ದರೆ ಫಲ ಚೆನ್ನಾಗಿರುತ್ತದೆ.

ಯಾವ ದಾರಿ ಹಿಡಿದರೂ ಮೊದಲು ಸ್ಕ್ಯಾನಿಂಗ್‌ನಲ್ಲಿ ಥೈರಾಯ್ಡ್ ತನ್ನ ಜಾಗದಲ್ಲಿದೆಯೇ ನೋಡಿಸಿ. ಅಪರೂಪಕ್ಕೆ ಆ ಗಂಟೇ ಮಗುವಿನ ಏಕೈಕ ಥೈರಾಯ್ಡ್ ಆಗಿರುತ್ತದೆ.

ಇನ್ನೊಂದು ಮಾತನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. 40 ದಾಟಿದವರ ಕುತ್ತಿಗೆಯ ಪಕ್ಕದಲ್ಲಿ ಹೊಸದಾಗಿ ನೀರುಗಂಟು ಕಂಡರೆ ಹುಟ್ಟಿನದೇ ಅಂತ ಸುಮ್ಮನಿರಬೇಡಿ. ಟಾನ್ಸಿಲ್, ನಾಲಿಗೆ ಬುಡ ಅಥವಾ ಥೈರಾಯ್ಡ್‌ನ ಕ್ಯಾನ್ಸರ್ ಹರಡಿದ ದುಗ್ಧಗ್ರಂಥಿಯೂ ಹೀಗೇ ಕಾಣಬಹುದು. ಬೀಡಿ, ಗುಟ್ಕಾ ಮುಟ್ಟದವರಿಗೂ ಬರಬಹುದು. ಎಫ್‌ಎನ್‌ಎಸಿ ಮಾಡಿಸಿ, ಗಂಟಲೊಳಗೆ ಸ್ಕೋಪ್ ಹಾಕಿಸಿ ನೋಡಿಸಿ. ಮೊದಲ ರಿಪೋರ್ಟಿನಲ್ಲಿ ಏನೂ ಸಿಗದಿದ್ದರೂ ಡಾಕ್ಟರ್ ಇನ್ನೊಮ್ಮೆ ಪರೀಕ್ಷೆ ಕೇಳಿದರೆ ಮಾಡಿಸಿ. ಇದೆಲ್ಲ ಮುಗಿಯುವ ಮುಂಚೆ ಸ್ಕ್ಲೀರೋಥೆರಪಿಗೆ ಒಪ್ಪಬೇಡಿ.